ಒಳಪೆಟ್ಟು: ದುರ್ಗದ ಸೀಮೆಯ ಹರೆಯದ ಆಟಗಳ ಚರಿತ್ರೆ

ಚಿತ್ರದುರ್ಗ ಸೀಮೆಯ ಹುಡುಗರ ಆಟಗಳಲ್ಲಿ ಬೀಳದೆ ಆಡುವಂಥವು ಕಡಿಮೆ. ಬಂಡೆ ಹತ್ತುವುದು, ಮರಕೋತಿ, ಚಿನ್ನಿದಾಂಡು, ಕಬಡ್ಡಿ, ಕುಸ್ತಿ, ತೋಟದ ಬಾವಿಗೆ ಜಿಗಿದು ಈಜುವುದು, ಈಚೆಗೆ ಟೆನಿಸ್ ಬಾಲ್ ಕ್ರಿಕೆಟ್, ಎಲ್ಲಕ್ಕೂ ಮೇಲೆ ಬೈಕು: ಯಾವುದನ್ನು ತೆಗೆದುಕೊಂಡರೂ ತಲೆ ನೆಲಕ್ಕೋ ಕಲ್ಲಿಗೋ ತಾಗುವ ಗಳಿಗೆಯೊಂದು ಅದರೊಳಗೆ ಇದ್ದೇ ಇದೆ. ಮೈ ತರಚಿದರೆ ರಕ್ತ ಕಾಣುತ್ತದೆ, ಎಲುಬು ಮುರಿದರೆ ಕಟ್ಟು ಹಾಕಿಸಬಹುದು. ತಲೆಯೊಳಗೆ ಆದದ್ದು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಕಾಣದ ಇಂಥ ನೋವಿಗೆ ಕನ್ನಡದಲ್ಲಿ ಹಳೆಯದೊಂದು ಹೆಸರಿದೆ, ಒಳಪೆಟ್ಟು. ವೈದ್ಯರು ಲಘು ಮಿದುಳು ಗಾಯ ಎಂದೋ ಕನ್‌ಕಶನ್ ಎಂದೋ ಕರೆಯುವುದಕ್ಕೆ ಇದಕ್ಕಿಂತ ಹತ್ತಿರದ ಮಾತು ಸಿಗುವುದು ಕಷ್ಟ.

ಲಘು ಎಂಬುದಕ್ಕೆ ಲೆಕ್ಕವಿದೆ. ಪೆಟ್ಟು ಬಿದ್ದಾಗ ಎಚ್ಚರ ತಪ್ಪಿದ್ದರೆ ಅದು ಅರ್ಧ ಗಂಟೆ ಮೀರಿರಬಾರದು. ನೆನಪು ಮಸುಕಾಗಿದ್ದರೆ ಒಂದು ದಿನದೊಳಗೆ ತಿಳಿಯಾಗಬೇಕು. 1974ರಲ್ಲಿ ಗ್ಲಾಸ್ಗೊ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ಇಬ್ಬರು ವೈದ್ಯರು ರೂಪಿಸಿದ ಎಚ್ಚರದ ಅಳತೆಯಲ್ಲಿ 15ಕ್ಕೆ 13ರಿಂದ 15 ಅಂಕ ಬರಬೇಕು. ಎಚ್ಚರ ತಪ್ಪಲೇಬೇಕೆಂದಿಲ್ಲ. ಕ್ಷಣಕಾಲ ಮಂಕು ಕವಿದರೂ ಸಾಕು. ಆಮೇಲೆ ಬರುವುದು ತಲೆನೋವು, ತಲೆಸುತ್ತು, ಬೆಳಕು ಮತ್ತು ಸದ್ದು ತಾಳಲಾಗದಿರುವುದು, ನಿದ್ದೆಗೇಡು, ಓದಿದ್ದು ತಲೆಗೆ ಹತ್ತದಿರುವುದು, ಸಣ್ಣ ಮಾತಿಗೂ ಸಿಡುಕು. ಹೆಚ್ಚಿನವರಿಗೆ ಎರಡರಿಂದ ನಾಲ್ಕು ವಾರಗಳಲ್ಲಿ ಇವು ಇಳಿಯುತ್ತವೆ, ಕೆಲವರಿಗೆ ತಿಂಗಳುಗಟ್ಟಲೆ ಉಳಿಯುತ್ತವೆ. ಆಗ ಮೊದಲು ಕೈಬಿಡುವುದು ಆಟ, ಕೊನೆಗೆ ಮರಳುವುದೂ ಆಟವೇ. ಕಾಲೇಜಿಗೂ ಗ್ಯಾರೇಜಿಗೂ ಹೇಗೋ ಹೋಗಿಬರುವ ಹುಡುಗ ಸಂಜೆಯ ಮೈದಾನಕ್ಕೆ ಹೋಗುವುದಿಲ್ಲ. ಓದು ದುಡಿಮೆಗಳ ಬಗ್ಗೆ ಮನೆಯವರು ಕೇಳುತ್ತಾರೆ, ಆಟದ ಬಗ್ಗೆ ಯಾರೂ ಕೇಳುವುದಿಲ್ಲ.

ಈ ಸೀಮೆಯಲ್ಲಿ ಹರೆಯದವರ ಆಟಕ್ಕೆ ಮೊದಲು ಕಟ್ಟುನಿಟ್ಟಿನ ರೂಪ ಬಂದದ್ದು ಪಾಳೆಯಗಾರರ ಕಾಲದಲ್ಲಿ. 1568ರಲ್ಲಿ ಮತ್ತಿ ತಿಮ್ಮಣ್ಣ ನಾಯಕನಿಂದ ಮೊದಲಾದ ದುರ್ಗದ ನಾಯಕರ ಆಳ್ವಿಕೆ 1779ರಲ್ಲಿ ಮದಕರಿ ನಾಯಕ ಹೈದರಾಲಿಯ ಕೈಗೆ ಸಿಕ್ಕುವವರೆಗೆ ನಡೆಯಿತು. ನಾಯಕರೂ ಅವರ ಪಡೆಯ ಬಹುಪಾಲು ಜನರೂ ಬೇಡರು. ಬೇಟೆ ಅವರ ಕಸುಬು, ಬಿಡುವಿನ ಆಟವೂ ಅದೇ. ಏಳು ಸುತ್ತಿನ ಕೋಟೆಯೊಳಗೆ ದೇವಸ್ಥಾನ, ಕಣಜ, ಎಣ್ಣೆಕೊಳ, ಹೊಂಡಗಳ ಜತೆಗೆ ಗರಡಿಮನೆಗೂ ಜಾಗವಿತ್ತು. ಅದನ್ನು ಇಂದಿಗೂ ತೋರಿಸುತ್ತಾರೆ. ಆಟಕ್ಕೂ ಸೈನ್ಯದ ತಾಲೀಮಿಗೂ ನಡುವೆ ಗೆರೆ ಎಳೆಯಲಾಗದ ಕಾಲವದು.

ದುರ್ಗದಲ್ಲಿ ಅತಿ ಹೆಚ್ಚು ಹೇಳಿಸಿಕೊಂಡ ಕಥೆಯೂ ತಲೆಪೆಟ್ಟಿನದೇ. ಹೈದರನ ಮುತ್ತಿಗೆಯಲ್ಲಿ ಕಿಂಡಿಯೊಳಗಿಂದ ಒಬ್ಬೊಬ್ಬನಾಗಿ ನುಸುಳಿ ಬಂದ ಸಿಪಾಯಿಗಳ ನೆತ್ತಿಗೆ ಕಾವಲುಗಾರನ ಹೆಂಡತಿ ಓಬವ್ವ ಒನಕೆ ಬೀಸಿದಳು. ಆ ಏಟು ಲಘು ಗಾಯದ ಲೆಕ್ಕಕ್ಕೆ ಬರುವಂಥದ್ದಲ್ಲ, ಬಿಡಿ. ಆದರೆ ಜಿಲ್ಲಾ ಕೇಂದ್ರದ ಕ್ರೀಡಾಂಗಣಕ್ಕೆ ಅವಳದೇ ಹೆಸರಿದೆ, ಮತ್ತು ಆ ಕ್ರೀಡಾಂಗಣದಲ್ಲಿ ಆಡುವವರ ತಲೆಯ ಕ್ಷೇಮವೇ ಈ ಬರಹದ ವಿಷಯ ಎಂಬುದು ನೆನಪಿಡತಕ್ಕ ಮಾತು.

1779ರ ಸೋಲು ಈ ಸೀಮೆಯ ಹರೆಯಕ್ಕೆ ಬಿದ್ದ ದೊಡ್ಡ ಪೆಟ್ಟು. ಕೋಟೆ ಹಿಡಿದ ಹೈದರ್ ಇಪ್ಪತ್ತು ಸಾವಿರದಷ್ಟು ಬೇಡ ಜನರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಅವರಲ್ಲಿನ ಹುಡುಗರನ್ನು ಆಯ್ದು ಚೇಲಾ ಪಡೆಗಳನ್ನು ಕಟ್ಟಿದನೆಂದು ಮೈಸೂರಿನ ಇತಿಹಾಸ ಬರೆದ ವಿಲ್ಕ್ಸ್ ಮತ್ತು ಗೆಜೆಟಿಯರ್ ಬರೆದ ರೈಸ್ ಇಬ್ಬರೂ ದಾಖಲಿಸಿದ್ದಾರೆ. ಕೋಟೆಯ ಗರಡಿಗೆ ಇಳಿಯಬೇಕಾಗಿದ್ದ ಒಂದು ತಲೆಮಾರೇ ಊರು ಬಿಟ್ಟಂತಾಯಿತು. ಮುಂದೆ ಬ್ರಿಟಿಷರ ಆಡಳಿತದಲ್ಲಿ ಪಾಳೆಯಪಟ್ಟಿನ ಪಡೆಗಳಿಗೆ ಕೆಲಸವಿರಲಿಲ್ಲ. ಕತ್ತಿ ಹೋಯಿತು, ಗರಡಿ ಉಳಿಯಿತು. ಆದರೆ ಅದೀಗ ಊರ ಹಬ್ಬಕ್ಕೂ ಜಾತ್ರೆಗೂ ಸೇರಿದ ಆಟದ ಮನೆ.

ಗರಡಿಯ ಒಳಗನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಮುಂದಿನ ಮಾತೆಲ್ಲ ಅಲ್ಲಿಗೇ ಮರಳಿ ಬರುತ್ತದೆ. ತಗ್ಗು ಬಾಗಿಲು, ಒಳಗೆ ಆಂಜನೇಯನ ಗೂಡು, ನಡುವೆ ಮಟ್ಟಿ ಎನ್ನುವ ಕೆಮ್ಮಣ್ಣಿನ ಕಣ. ಮಣ್ಣನ್ನು ಜರಡಿ ಹಿಡಿದು, ಕಲ್ಲು ಹರಳು ತೆಗೆದು, ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ, ಕರ್ಪೂರ ಬೆರೆಸಿ ಹದ ಮಾಡುತ್ತಾರೆ. ಆಡುವ ಮೊದಲು ಅಗೆದು ಸಡಿಲಿಸುವುದು ಕಿರಿಯರ ಪಾಲಿನ ಕೆಲಸ. ಬಿದ್ದವನ ಬೆನ್ನಿಗೂ ತಲೆಗೂ ಸಿಗುವ ಮೊದಲ ರಕ್ಷಣೆ ಈ ಸಡಿಲ ಮಣ್ಣೇ. ಹೊಸಬನಿಗೆ ಮೊದಲ ದಿನವೇ ಜೋಡಿ ಕೊಡುವುದಿಲ್ಲ. ಬಸ್ಕಿ, ದಂಡ, ಮಣ್ಣು ಅಗೆಯುವುದು, ಗದೆ ತಿರುಗಿಸುವುದು, ಮೈ ಉಜ್ಜಿಸಿಕೊಳ್ಳುವುದು, ಹಿರಿಯರ ಪಟ್ಟು ನೋಡುತ್ತ ಕೂರುವುದು, ಆಮೇಲೆ ಸಮಜೋಡಿಯೊಂದಿಗೆ ಹಗುರ ಹಿಡಿತ, ಕೊನೆಗೆ ಪೂರಾ ಕುಸ್ತಿ. ಈ ಮೆಟ್ಟಿಲುಗಳನ್ನು ಹತ್ತಿಸುವವನೂ ಇಳಿಸುವವನೂ ವಸ್ತಾದ. ಮೈ ಸರಿಯಿಲ್ಲದವನನ್ನು ಕಣಕ್ಕೆ ಇಳಿಸುವುದೋ ಬಿಡುವುದೋ ಎಂಬ ತೀರ್ಮಾನ ಪೈಲ್ವಾನನದಲ್ಲ, ಅವನ ಗೆಳೆಯರದೂ ಅಲ್ಲ. ವಸ್ತಾದ ಏಳು ಎಂದರೆ ಏಳಬೇಕು, ಕೂರು ಎಂದರೆ ಕೂರಬೇಕು. ಕೂತವನು ಗರಡಿಯಿಂದ ಹೊರಗೂ ಬೀಳುವುದಿಲ್ಲ. ಮಣ್ಣು ಹದ ಮಾಡುತ್ತ, ಕಿರಿಯರಿಗೆ ಎಣಿಕೆ ಹೇಳುತ್ತ ಅಲ್ಲೇ ಇರುತ್ತಾನೆ.

ಗರಡಿಯನ್ನು ಅತಿಯಾಗಿ ಹೊಗಳುವ ಅಗತ್ಯವಿಲ್ಲ. ಮಿದುಳಿನ ವಿಚಾರ ವಸ್ತಾದನಿಗೆ ಗೊತ್ತಿರಲಿಲ್ಲ. ನೋವು ನುಂಗುವುದೇ ಗಂಡಸುತನವೆಂಬ ನಂಬಿಕೆ ಅಲ್ಲಿ ಬೇರು ಬಿಟ್ಟಿತ್ತು. ಹೆಣ್ಣುಮಕ್ಕಳಿಗೆ ಆ ತಗ್ಗು ಬಾಗಿಲು ತೆರೆದಿರಲಿಲ್ಲ. ಹಾಗಿದ್ದರೂ ಎರಡು ಸಂಗತಿಗಳು ಅಲ್ಲಿದ್ದವು: ಆಟಕ್ಕೆ ಮೆಟ್ಟಿಲುಗಳು, ಮತ್ತು ಕಣದಿಂದ ಎಬ್ಬಿಸಬಲ್ಲ ಒಬ್ಬ ಹಿರಿಯ. ಜಾತ್ರೆಗಳಲ್ಲೂ, ಮುರುಘಾಮಠದ ಶರಣ ಸಂಸ್ಕೃತಿ ಉತ್ಸವದಂಥ ಕಡೆಯೂ ಜಂಗೀ ಕುಸ್ತಿ ಈಗಲೂ ನಡೆಯುತ್ತದೆ. ದಿನನಿತ್ಯದ ಗರಡಿ ಮಾತ್ರ ಬಡವಾಗಿದೆ.

ಗರಡಿಯ ಹೊರಗೆ, ಹಳ್ಳಿಯ ಬಯಲಲ್ಲಿ, ಪೆಟ್ಟಿನ ಉಪಚಾರ ಮನೆಯವರದು. ತಲೆಯ ಮೇಲೆ ಬುಗುಟೆ ಎದ್ದರೆ ಸುಣ್ಣ ಅರಿಶಿನ, ಉಪ್ಪಿನ ಶಾಖ. ಮಂಕು ಕವಿದರೆ ಮುಖಕ್ಕೆ ನೀರು, ಮೂಗಿಗೆ ಜಜ್ಜಿದ ಈರುಳ್ಳಿ. ತಲೆಗೆ ಪೆಟ್ಟಾದವರನ್ನು ಮಲಗಲು ಬಿಡಬಾರದೆಂಬ ಎಚ್ಚರಿಕೆ ಎಲ್ಲ ಮನೆಗಳಲ್ಲೂ ಇತ್ತು. ಅದರಲ್ಲಿ ಅರ್ಧ ಸತ್ಯವಿದೆ: ಮೊದಲ ದಿನ ಪೆಟ್ಟಾದವರ ಮೇಲೆ ಕಣ್ಣಿಡಬೇಕು, ಎಬ್ಬಿಸಿದರೆ ಎದ್ದು ಮಾತಾಡುತ್ತಾರೋ ನೋಡಬೇಕು. ಆದರೆ ವೈದ್ಯರು ಪರೀಕ್ಷಿಸಿದ ಮೇಲೆ ನಿದ್ದೆ ಕೆಡಿಸುವುದರಿಂದ ಕೆಡುಕೇ ಹೊರತು ಒಳಿತಿಲ್ಲ. ವಾರ ಕಳೆದ ಮೇಲೆ ಹುಡುಗನೋ ಹುಡುಗಿಯೋ ಮಂಕಾಗಿ, ಸಿಡುಕಾಗಿ, ಸದ್ದಿಗೆ ಬೆಚ್ಚುತ್ತ ಇದ್ದರೆ ಕಾರಣವನ್ನು ಪೆಟ್ಟಿನಲ್ಲಿ ಹುಡುಕುತ್ತಿರಲಿಲ್ಲ. ಗಾಳಿ ಸೋಕಿದೆ ಎಂದು ಅಂತ್ರ ಕಟ್ಟಿಸುತ್ತಿದ್ದರು, ದೃಷ್ಟಿ ತೆಗೆಯುತ್ತಿದ್ದರು. ಅದರಿಂದ ಆಗುತ್ತಿದ್ದ ಉಪಕಾರವೂ ಒಂದಿತ್ತು: ಗಾಳಿ ಸೋಕಿದವರಿಗೆ ಕೆಲವು ದಿನ ಹೊಲದ ಕೆಲಸದಿಂದ, ಬೈಗಳಿಂದ ಬಿಡುವು ಸಿಗುತ್ತಿತ್ತು. ಇಂದು ಸ್ಕ್ಯಾನ್‌ನಲ್ಲಿ ಏನೂ ಇಲ್ಲವಂತೆ ಎಂಬ ಮಾತು ಆ ಬಿಡುವನ್ನೂ ಕಿತ್ತುಕೊಳ್ಳುತ್ತದೆ.

ಬಿದ್ದು ಎದ್ದವರಿಗೆ ಕೂತು ಆಡುವ ಆಟಗಳೂ ಇದ್ದವು. ಚೌಕಾಬಾರ, ಅಳಗುಳಿಮಣೆ, ಹುಲಿಕುರಿ, ಪಗಡೆ. ದೇವಸ್ಥಾನದ ಜಗಲಿಯ ಕಲ್ಲಿನ ಮೇಲೆ ಇವುಗಳ ಮನೆ ಗೀರಿರುವುದು ನಾಡಿನ ಹಲವೆಡೆ ಕಾಣುತ್ತದೆ. ಹೆಚ್ಚಾಗಿ ಹೆಂಗಸರ, ಮುದುಕರ ಆಟವೆಂದು ಪಕ್ಕಕ್ಕೆ ಸರಿದ ಇವುಗಳಲ್ಲಿ ಎಣಿಕೆ, ಸರದಿ, ನೆನಪು, ತಾಳ್ಮೆ ಎಲ್ಲಕ್ಕೂ ಕೆಲಸವಿದೆ.

ಆಟ ಮತ್ತು ಆರೋಗ್ಯವನ್ನು ಒಂದೇ ಸೂರಿನಡಿ ತಂದ ಪ್ರಯೋಗ ನಡೆದದ್ದು ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ. ಊರೂರು ತಿರುಗಿ ವ್ಯಾಯಾಮ, ಯೋಗ ಕಲಿಸುತ್ತಿದ್ದುದರಿಂದ ವ್ಯಾಯಾಮ ಮೇಷ್ಟ್ರು ಎಂದೇ ಜನ ಕರೆಯುತ್ತಿದ್ದ ರಾಘವೇಂದ್ರರಾಯರು 1943ರಲ್ಲಿ ಇಲ್ಲಿ ಅನಾಥ ಸೇವಾಶ್ರಮ ಕಟ್ಟಿದರು. ಮುಂದೆ ರಾಘವೇಂದ್ರ ಸ್ವಾಮೀಜಿ ಎಂದೂ ಬರಹಗಳಲ್ಲಿ ತಿರುಕ ಎಂದೂ ಹೆಸರಾದವರು ಇವರೇ, ತೀರಿಕೊಂಡದ್ದು 1996ರಲ್ಲಿ. ಒಂದೇ ಆವರಣದಲ್ಲಿ ಶಾಲೆ, ಆಯುರ್ವೇದ ಚಿಕಿತ್ಸೆ, ಯೋಗ, ವ್ಯಾಯಾಮ. ಗರಡಿಗೆ ಹೋಲಿಸಿದರೆ ಇಲ್ಲಿನ ದೊಡ್ಡ ಬದಲಾವಣೆ ಎದುರಾಳಿ ಇಲ್ಲದಿರುವುದು. ಸೂರ್ಯನಮಸ್ಕಾರದಲ್ಲಿ ಯಾರನ್ನೂ ಕೆಡವಬೇಕಾಗಿಲ್ಲ, ಯಾರಿಂದಲೂ ಕೆಡವಿಸಿಕೊಳ್ಳಬೇಕಾಗಿಲ್ಲ. ಮೈಯ ಕಸರತ್ತನ್ನು ಗೆಲುವು ಸೋಲಿನಿಂದ ಬಿಡಿಸಿದ್ದೇ ಈ ಪರಂಪರೆಯ ಹೆಚ್ಚುಗಾರಿಕೆ ಎನ್ನಬೇಕು. ಒಳಪೆಟ್ಟಾದವರಿಗೆ ಇದು ಒಗ್ಗುವ ಬಗೆ, ಒಂದು ಎಚ್ಚರದೊಂದಿಗೆ. ಶೀರ್ಷಾಸನ, ಸರ್ವಾಂಗಾಸನಗಳಂಥ ತಲೆಕೆಳಗಾದ ಆಸನಗಳು ಮೊದಲ ವಾರಗಳಿಗೆ ಹೇಳಿದವಲ್ಲ; ಬೇಗಬೇಗ ಬಾಗಿ ಏಳುವ ಸೂರ್ಯನಮಸ್ಕಾರವೂ ತಲೆಸುತ್ತು ತರಬಹುದು. ನಿಧಾನದ ನಡಿಗೆ, ಉಸಿರಾಟ, ಕೂತು ಮಾಡುವ ಆಸನಗಳು ಮೊದಲು.

ಹಿರಿಯೂರಿನ ಕಡೆ ಹುಡುಗರ ಆಟದ ಕೇಂದ್ರ ನೀರು. ಮಳೆ ಕಡಿಮೆಯ ಈ ತಾಲ್ಲೂಕಿನಲ್ಲಿ ಈಜು ಕಲಿಯುವುದೆಂದರೆ ಸೋರೆಬುರುಡೆ ಕಟ್ಟಿಕೊಂಡು ಮೆಟ್ಟಿಲು ಬಾವಿಗೆ ಇಳಿಯುವುದು. ವೇದಾವತಿಗೆ ಮಾರಿಕಣಿವೆಯಲ್ಲಿ ಅಡ್ಡಗಟ್ಟಿದ ವಾಣಿವಿಲಾಸ ಸಾಗರ 1898ರಲ್ಲಿ ಆರಂಭವಾಗಿ 1907ರ ಹೊತ್ತಿಗೆ ಮುಗಿದ ಮೇಲೆ ವಿಹಾರಕ್ಕೂ ಜಾಗವೊಂದಾಯಿತು. ಈ ಕೆರೆ 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ, ಎಂಬತ್ತೊಂಬತ್ತು ವರ್ಷಗಳ ನಂತರ. 2025ರ ಜನವರಿಯಲ್ಲಿ ಇನ್ನೊಮ್ಮೆ. ಬಾವಿಯ ಆಟದಲ್ಲಿ ಅಪಾಯ ಎಲ್ಲಿದೆಯೆಂದು ಎಲ್ಲರಿಗೂ ಗೊತ್ತು: ಬೇಸಗೆಯಲ್ಲಿ ನೀರು ಇಳಿದಾಗ ಕಲ್ಲಿನ ಮೆಟ್ಟಿಲು ಎಷ್ಟು ಮೇಲೆ ಬಂದಿದೆಯೆಂದು ನೋಡದೆ ಧುಮುಕಿದವನ ತಲೆಗೆ ಅದೇ ಮೊದಲು ಸಿಗುತ್ತದೆ. ಒಳಪೆಟ್ಟಾದ ಮೇಲೆ ಈಜು ಮರಳಬೇಕಾದದ್ದು ಎಲ್ಲಕ್ಕಿಂತ ತಡವಾಗಿ, ಅದೂ ಜತೆಗೊಬ್ಬರಿದ್ದಾಗ. ನೀರಿನಲ್ಲಿ ತಲೆ ಸುತ್ತಿದರೆ ಕೂರಲು ಜಾಗವಿಲ್ಲ.

1972ರ ಕೊನೆಯಲ್ಲಿ ತೆರೆ ಕಂಡ ಪುಟ್ಟಣ್ಣ ಕಣಗಾಲರ ನಾಗರಹಾವು ದುರ್ಗದ ಹರೆಯಕ್ಕೆ ಒಂದು ಕನ್ನಡಿ ಹಿಡಿಯಿತು. ತಳುಕಿನ ಮನೆತನದ ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿದ ಆ ಚಿತ್ರದ ರಾಮಾಚಾರಿ ಕಾಲೇಜು ಹುಡುಗ. ಅವನ ಬಿಡುವು ಕಳೆಯುವುದು ಕೋಟೆಯ ಬಂಡೆಗಳ ಮೇಲೆ. ಕೋಟೆ ಇತಿಹಾಸದ ಪಾಠವಾಗಿದ್ದುದು ಹೋಗಿ ಗೆಳೆಯರು ಸೇರುವ ಜಾಗವಾದುದಕ್ಕೆ ಈ ಚಿತ್ರದ ಪಾಲೂ ಇದೆ. ಸಿಟ್ಟು ಮೂಗಿನ ತುದಿಯಲ್ಲಿರುವ ಹುಡುಗನನ್ನು ಊರೆಲ್ಲ ಕೆಟ್ಟವನೆಂದಾಗ ಅವನನ್ನು ಅರ್ಥ ಮಾಡಿಕೊಳ್ಳುವವರು ಚಾಮಯ್ಯ ಮೇಷ್ಟ್ರು ಒಬ್ಬರೇ. ರಾಮಾಚಾರಿಯ ಸಿಟ್ಟಿಗೂ ತಲೆಪೆಟ್ಟಿಗೂ ಸಂಬಂಧವಿಲ್ಲ. ಆದರೆ ಪೆಟ್ಟಾದ ಮೇಲೆ ಸಿಡುಕಿನವನಾದ ಹುಡುಗನಿಗೂ ಊರು ಕೊಡುವ ಹೆಸರು ಅದೇ.

ಮುಂದಿನ ತಲೆಮಾರಿಗೆ ಅದೇ ಕೋಟೆ ಸಾಹಸದ ಗೋಡೆಯಾಯಿತು. ಕೋತಿರಾಜ್ ಎಂದೇ ಹೆಸರಾದ ಜ್ಯೋತಿರಾಜ್ ಹಗ್ಗದ ಆಸರೆಯಿಲ್ಲದೆ ನೆಟ್ಟಗಿನ ಕೋಟೆಗೋಡೆಯನ್ನು ಹತ್ತುವುದನ್ನು ನೋಡಲು ಪ್ರವಾಸಿಗರು ನೆರೆಯುತ್ತಾರೆ. ವರ್ಷಗಟ್ಟಲೆಯ ಅಭ್ಯಾಸದಿಂದ ಬಂದ ವಿದ್ಯೆ ಅದು, ಒಂದು ಸಂಜೆಯ ವಿಡಿಯೊಗೆ ಒಲಿಯುವಂಥದ್ದಲ್ಲ. ಅದೇ ಕೋಟೆಯ ಮೆಟ್ಟಿಲುಗಳನ್ನು ನಿಧಾನ ಹತ್ತಿ ಇಳಿಯುವುದಾಗಲಿ, ಚಂದ್ರವಳ್ಳಿಯ ಕೆರೆಯ ದಡದ ನಡಿಗೆಯಾಗಲಿ, ಜೋಗಿಮಟ್ಟಿಯ ಕಾಡಿನ ದಾರಿಯಾಗಲಿ ಚೇತರಿಸಿಕೊಳ್ಳುವವರಿಗೆ ಹೇಳಿ ಮಾಡಿಸಿದಂತಿವೆ: ನೆರಳು, ಸದ್ದಿಲ್ಲದ ಗಾಳಿ, ಬೇಕೆಂದಲ್ಲಿ ಕೂರಲು ಬಂಡೆ. ಚಂದ್ರವಳ್ಳಿಯನ್ನು 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ಶಾತವಾಹನರ ಕಾಲದ ನೆಲೆ ಸಿಕ್ಕಿತು. ನಡೆದಾಡಲು ಹೋದವರಿಗೆ ನೋಡಲು, ಕೇಳಲು ಏನಾದರೂ ಇದ್ದೇ ಇರುತ್ತದೆ.

ಪೆಟ್ಟಿನ ಸ್ವರೂಪವನ್ನು ನಿಜವಾಗಿ ಬದಲಿಸಿದ್ದು ರಸ್ತೆ. ಬೆಂಗಳೂರು ಪುಣೆ ಹೆದ್ದಾರಿ ಹಿರಿಯೂರು ಮತ್ತು ಚಿತ್ರದುರ್ಗವನ್ನು ಹಾದುಹೋಗುತ್ತದೆ; ಶಿವಮೊಗ್ಗದತ್ತ ಹೋಗುವ ದಾರಿ ಹೊಳಲ್ಕೆರೆಯನ್ನು ಹಾಯುತ್ತದೆ. ಸುವರ್ಣ ಚತುಷ್ಪಥ ಯೋಜನೆಯಲ್ಲಿ ಹೆದ್ದಾರಿ ಅಗಲವಾಯಿತು, ಅದೇ ವರ್ಷಗಳಲ್ಲಿ ಕಂತಿನ ಮೇಲೆ ಬೈಕು ಹಳ್ಳಿಯ ಅಂಗಳಕ್ಕೂ ಬಂತು. ಬೈಕು ಇಲ್ಲಿ ಬರಿಯ ವಾಹನವಲ್ಲ, ಆಟವೂ ಹೌದು: ಸಂಜೆ ಡಾಬಾವರೆಗೆ ಒಂದು ಸುತ್ತು, ಜಾತ್ರೆಗೆ ಮೂವರ ಸವಾರಿ, ಮಾರಿಕಣಿವೆಗೆ ಭಾನುವಾರದ ಓಟ. ಹಿಂದೆ ಕೂತ ಹೆಣ್ಣುಮಗಳ ದುಪಟ್ಟಾ ಚಕ್ರಕ್ಕೆ ಸಿಕ್ಕಿ ಬೀಳುವುದೂ ಇದರ ಜತೆಗೆ ಬಂದ ಹೊಸ ಅಪಾಯ. ಹೆಣ್ಣುಮಕ್ಕಳ ಪೆಟ್ಟಿಗೆ ಗಮನ ಕಡಿಮೆ, ಅವರ ಬಿಡುವಿಗೆ ಇನ್ನೂ ಕಡಿಮೆ. ತಲೆನೋವೆಂದು ಕೂತರೆ ಮನೆಗೆಲಸದ ಕಳ್ಳಿ ಎಂಬ ಮಾತು, ಗೆಳತಿಯರೊಡನೆ ಹೊರಟರೆ ತಲೆನೋವು ಈಗ ಎಲ್ಲಿ ಹೋಯಿತು ಎಂಬ ಮಾತು.

ಕಾನೂನು ಹಿಂದಿನಿಂದ ನಡೆದು ಬಂತು. ಹೆಲ್ಮೆಟ್ ಕಡ್ಡಾಯದ ಮಾತು 1988ರ ಮೋಟಾರು ವಾಹನ ಕಾಯ್ದೆಯಲ್ಲೇ ಇದೆ. ಹಿಂಬದಿ ಸವಾರರಿಗೂ ಕರ್ನಾಟಕದಲ್ಲಿ ಅದು ಕಡ್ಡಾಯವಾದದ್ದು 2016ರ ಜನವರಿಯಲ್ಲಿ. 108 ಆಂಬುಲೆನ್ಸ್ ರಾಜ್ಯದಲ್ಲಿ ಓಡತೊಡಗಿದ್ದು 2008ರ ನವೆಂಬರ್ 1ರಂದು. ಅಪಘಾತವಾದವರಿಗೆ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗೆ ಸರ್ಕಾರವೇ ಭರಿಸುವುದೆಂದು ಹರೀಶ್ ಸಾಂತ್ವನ ಯೋಜನೆ ಬಂದದ್ದು 2016ರಲ್ಲಿ. ಇವೆಲ್ಲ ಜೀವ ಉಳಿಸುವ ಏರ್ಪಾಡುಗಳು. ಉಳಿದ ಜೀವ ಮುಂದಿನ ತಿಂಗಳು ಸಂಜೆಯನ್ನು ಹೇಗೆ ಕಳೆಯಬೇಕೆಂಬುದು ಯಾವ ಯೋಜನೆಯ ಕಡತದಲ್ಲೂ ಇಲ್ಲ.

ಹೆಚ್ಚಿನ ಪೆಟ್ಟಾದವರನ್ನು ಈ ಭಾಗದವರು ಒಯ್ಯುವುದು ದಾವಣಗೆರೆಗೆ, ಇಲ್ಲವೇ ಸುಮಾರು 200 ಕಿ.ಮೀ. ದೂರದ ಬೆಂಗಳೂರಿನ ನಿಮ್ಹಾನ್ಸ್‌ಗೆ. 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಮತ್ತು ಹಳೆಯ ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆ ಸೇರಿ 1974ರಲ್ಲಿ ಆದ ಸಂಸ್ಥೆ ಇದು. ಪೆಟ್ಟಾದ ಮಿದುಳಿಗೆ ಗಮನ, ನೆನಪುಗಳನ್ನು ಮತ್ತೆ ರೂಢಿಸುವ ಅಭ್ಯಾಸಗಳನ್ನು ಅಲ್ಲಿನ ಮನೋವಿಜ್ಞಾನಿಗಳು, ಮುಖ್ಯವಾಗಿ ಶೋಭಿನಿ ರಾವ್ ಮತ್ತು ಅವರ ಸಂಗಡಿಗರು, ರೂಪಿಸಿದರು. ಆ ಅಭ್ಯಾಸಗಳಲ್ಲಿ ಒಂದು ಧಾನ್ಯ ಬೇರ್ಪಡಿಸುವುದು: ಬೆರೆಸಿಟ್ಟ ಕಾಳುಗಳನ್ನು ಹೊತ್ತಿನ ಲೆಕ್ಕವಿಟ್ಟು ಬೇರೆ ಬೇರೆ ಮಾಡಬೇಕು. ದುಬಾರಿ ಯಂತ್ರವಿಲ್ಲ, ಪರದೆಯಿಲ್ಲ. ದುರ್ಗದ ಯಾವ ಅಡುಗೆಮನೆಯಲ್ಲೂ ಮೊರದ ಮುಂದೆ ಕೂತ ಅಜ್ಜಿಗೆ ಇದನ್ನು ವಿವರಿಸಿದರೆ ನಕ್ಕಾಳು. ಆದರೆ ಚದುರಿದ ಗಮನವನ್ನು ಒಂದೆಡೆ ಹಿಡಿಯಲು ಕೈ, ಕಣ್ಣು, ತೀರ್ಮಾನ ಮೂರೂ ಒಟ್ಟಾಗಿ ಬೇಕಾಗುವ ಇಷ್ಟು ಸರಳ ಕೆಲಸ ಇನ್ನೊಂದು ಸಿಗಲಿಕ್ಕಿಲ್ಲ. ಪಕ್ಕಕ್ಕೆ ಸರಿಸಿದ ಚೌಕಾಬಾರ, ಅಳಗುಳಿಮಣೆಗಳು ನೆನಪಿಗೆ ಬರುವುದೂ ಇಲ್ಲೇ.

ಲಘು ಪೆಟ್ಟಿನ ಬಹುಪಾಲು ಜನರ ಸಿ.ಟಿ. ಸ್ಕ್ಯಾನ್‌ನಲ್ಲಿ ಏನೂ ಕಾಣುವುದಿಲ್ಲ. ಸ್ಕ್ಯಾನ್ ಹುಡುಕುವುದು ರಕ್ತಸ್ರಾವ, ಎಲುಬಿನ ಬಿರುಕು; ಒಳಪೆಟ್ಟಿನಲ್ಲಿ ಕೆಟ್ಟಿರುವುದು ಮಿದುಳಿನ ಕೆಲಸದ ಲಯ. ಸ್ಕ್ಯಾನ್ ನಾರ್ಮಲ್ ಎಂಬ ಕಾಗದ ಕೈಗೆ ಬಂದ ದಿನವೇ ಹಲವು ಮನೆಗಳಲ್ಲಿ ಕಾಯಿಲೆ ಮುಗಿದಂತೆ. ಇನ್ನು ಕೆಲವು ಮನೆಗಳಲ್ಲಿ ಇದಕ್ಕೆ ತದ್ವಿರುದ್ಧ: ತಿಂಗಳುಗಟ್ಟಲೆ ಕತ್ತಲೆ ಕೋಣೆ, ಆಟ ಬೇಡ, ಓದು ಬೇಡ, ಗೆಳೆಯರೂ ಬೇಡ. ವೈದ್ಯರೇ ಹಿಂದೆ ಹೀಗೆ ಹೇಳುತ್ತಿದ್ದರು. ಕ್ರೀಡೆಯಲ್ಲಿನ ತಲೆಪೆಟ್ಟಿನ ಬಗ್ಗೆ ತಜ್ಞರ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ 2001ರಲ್ಲಿ ವಿಯೆನ್ನಾದಲ್ಲಿ ಸೇರಿತು, ಆರನೆಯದು 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ಈ ಎರಡು ದಶಕಗಳಲ್ಲಿ ಸಲಹೆ ತಿರುಗಿ ನಿಂತಿತು. ಮೊದಲ ಒಂದೆರಡು ದಿನ ಹಗುರ ವಿಶ್ರಾಂತಿ, ಆ ದಿನಗಳಲ್ಲಿ ಫೋನು ಟೀವಿ ಕಡಿಮೆ. ಆಮೇಲೆ ನಡಿಗೆಯಂಥ ಹಗುರ ಚಟುವಟಿಕೆ. ತಲೆನೋವು ಹೆಚ್ಚದಿದ್ದರೆ ಮುಂದಿನ ಮೆಟ್ಟಿಲು, ಹೆಚ್ಚಿದರೆ ಅಲ್ಲೇ ನಿಲ್ಲುವುದು. ಮೈಗೆ ಮೈ ತಾಗುವ ಆಟ ವೈದ್ಯರ ಒಪ್ಪಿಗೆಯ ನಂತರ, ಎಲ್ಲಕ್ಕಿಂತ ಕೊನೆಗೆ. ಬಸ್ಕಿಯಿಂದ ಕುಸ್ತಿಯವರೆಗಿನ ಗರಡಿಯ ಮೆಟ್ಟಿಲುಗಳನ್ನು ಬಲ್ಲವರಿಗೆ ಈ ಕ್ರಮ ಹೊಸದೆನಿಸದು.

ಕೂತು ನೋಡುವ, ನೋಡುತ್ತ ಕಲಿಯುವ ಬಿಡುವಿಗೂ ಈ ಸೀಮೆಯಲ್ಲಿ ಹಳೆಯ ಪರಂಪರೆಯಿದೆ. ಮೂಡಲಪಾಯ ಬಯಲಾಟ ಹಳ್ಳಿಯ ಹುಡುಗರನ್ನು ತಿಂಗಳುಗಟ್ಟಲೆ ಒಂದೆಡೆ ಕೂಡಿಸುತ್ತಿತ್ತು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ ಕಟ್ಟಿದ ಶಿವಕುಮಾರ ಕಲಾಸಂಘ 1997ರಿಂದ ಶಿವಸಂಚಾರ ಎಂಬ ತಿರುಗಾಟದ ತಂಡವನ್ನು ನಡೆಸುತ್ತಿದೆ, ರಂಗಕರ್ಮಿ ಸಿ.ಜಿ. ಕೃಷ್ಣಸ್ವಾಮಿಯವರ ಕಲ್ಪನೆಯ ಬಯಲು ರಂಗಮಂದಿರ ಅಲ್ಲಿದೆ, ನವೆಂಬರ್ ಮೊದಲ ವಾರದ ನಾಟಕೋತ್ಸವಕ್ಕೆ ಸುತ್ತಲಿನ ಹಳ್ಳಿಗಳು ನೆರೆಯುತ್ತವೆ. ಒಳಪೆಟ್ಟಾದವರಿಗೆ ನಾಟಕ ಎರಡು ಬಗೆಯದು. ಉತ್ಸವದ ದೀಪ, ಧ್ವನಿವರ್ಧಕ, ಜನಸಂದಣಿ ಮೊದಲ ವಾರಗಳಲ್ಲಿ ತಾಳಲಾಗದವು. ಹಿಂದಿನ ಸಾಲಿನ ತುದಿಯಲ್ಲಿ ಕೂತು ಬೇಕಾದಾಗ ಎದ್ದುಹೋಗುವಂತಿದ್ದರೆ ಬೇರೆ ಮಾತು. ತಾಲೀಮಿನ ಕೋಣೆ ಹಾಗಲ್ಲ. ಅಲ್ಲಿ ಮಾತು ಬಾಯಿಪಾಠ ಮಾಡಬಹುದು, ತಾಳ ಹಿಡಿಯಬಹುದು, ಬಣ್ಣ ಕಲಸಬಹುದು, ಪರದೆ ಎಳೆಯಬಹುದು. ಪಾತ್ರವಿಲ್ಲದವರಿಗೂ ಕೆಲಸವಿರುವ ಜಾಗ ಅದು, ಗರಡಿಯಂತೆಯೇ.

ಇಂದಿನ ಹರೆಯದ ದೊಡ್ಡ ಕಣ ಕ್ರಿಕೆಟ್ ಮೈದಾನ. ಕೊಯ್ಲು ಮುಗಿದ ಹೊಲದಲ್ಲಿ, ಶಾಲೆಯ ಬಯಲಲ್ಲಿ, ಕೆರೆಯಂಗಳದಲ್ಲಿ ಯುವಕ ಸಂಘಗಳ ಟೆನಿಸ್ ಬಾಲ್ ಪಂದ್ಯಾವಳಿಗಳು ನಡೆಯುತ್ತವೆ. ಚೆಂಡು ಹಗುರವೆಂದು ಹೆಲ್ಮೆಟ್ ಯಾರೂ ಹಾಕುವುದಿಲ್ಲ. ಆದರೆ ಕ್ಯಾಚಿಗೆ ಓಡಿದ ಇಬ್ಬರ ತಲೆ ತಾಗಿದರೆ, ಕಲ್ಲು ನೆಲಕ್ಕೆ ಡೈವ್ ಹೊಡೆದರೆ ಚೆಂಡಿನ ತೂಕದ ಪ್ರಶ್ನೆಯೇ ಬರುವುದಿಲ್ಲ. ಪೆಟ್ಟಾದವನ ತಲೆಗೆ ನೀರು ಹಾಕಿ, ಏನೂ ಆಗಿಲ್ಲ, ಆಡು ಎಂದು ಬೆನ್ನು ತಟ್ಟುವವರು ಹತ್ತು ಜನ. ಏಳು, ಇವತ್ತಿಗೆ ಸಾಕು ಎನ್ನುವ ವಸ್ತಾದ ಈ ಮೈದಾನದಲ್ಲಿಲ್ಲ. ಗರಡಿಯಿಂದ ಮೈದಾನಕ್ಕೆ ಬರುವ ದಾರಿಯಲ್ಲಿ ಕಳೆದುಹೋದದ್ದು ಕೆಮ್ಮಣ್ಣಲ್ಲ, ಆ ಒಬ್ಬ ಹಿರಿಯ.

ತಲೆಪೆಟ್ಟಿನ ಬೆಲೆ ದೊಡ್ಡ ಕ್ರಿಕೆಟ್ಟಿಗೂ ತಟ್ಟಿದೆ. 1998ರ ಫೆಬ್ರುವರಿಯಲ್ಲಿ ಢಾಕಾದ ಕ್ಲಬ್ ಪಂದ್ಯವೊಂದರಲ್ಲಿ ಹೆಲ್ಮೆಟ್ ಇಲ್ಲದೆ ಬ್ಯಾಟ್ಸ್‌ಮನ್ ಹತ್ತಿರ ನಿಂತಿದ್ದ ರಮಣ್ ಲಾಂಬಾ ಅವರ ಹಣೆಗೆ ಚೆಂಡು ಬಡಿಯಿತು. ಅವರು ಎದ್ದು ನಡೆದೇ ಡ್ರೆಸಿಂಗ್ ಕೋಣೆಗೆ ಹೋದರು, ಆಮೇಲೆ ಎಚ್ಚರ ತಪ್ಪಿತು, ಮೂರು ದಿನಗಳಲ್ಲಿ ತೀರಿಕೊಂಡರು. ಮೊದಲ ಗಳಿಗೆಯಲ್ಲಿ ಲಘುವೆಂದು ಕಂಡದ್ದೆಲ್ಲ ಲಘುವಲ್ಲ. ತಲೆನೋವು ಏರುತ್ತಲೇ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಮಾತು ತೊದಲಿದರೆ, ಎಬ್ಬಿಸಿದರೂ ಏಳದಂತೆ ಮಂಪರಾದರೆ, ಫಿಟ್ಸ್ ಬಂದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

2019ರ ಆಗಸ್ಟ್ 1ರಿಂದ ಅಂತರರಾಷ್ಟ್ರೀಯ ಕ್ರಿಕೆಟ್ ನಿಯಮ ಬದಲಾಯಿತು: ತಲೆಗೆ ಪೆಟ್ಟಾದವನ ಬದಲಿಗೆ ಅವನಂಥದೇ ಆಟದ ಇನ್ನೊಬ್ಬನನ್ನು ಪೂರ್ತಿ ಆಟಗಾರನಾಗಿ ಇಳಿಸಬಹುದು. ಅದೇ ತಿಂಗಳು ಲಾರ್ಡ್ಸ್‌ನಲ್ಲಿ ಸ್ಟೀವ್ ಸ್ಮಿತ್ ಬದಲಿಗೆ ಲಬುಶೇನ್ ಬ್ಯಾಟ್ ಹಿಡಿದರು. 2020ರ ಡಿಸೆಂಬರ್‌ನಲ್ಲಿ ಕ್ಯಾನ್‌ಬೆರಾದಲ್ಲಿ ಜಡೇಜ ಬದಲಿಗೆ ಬಂದ ಚಹಾಲ್ ಮೂರು ವಿಕೆಟ್ ತೆಗೆದು ಪಂದ್ಯಪುರುಷರಾದಾಗ ಆಸ್ಟ್ರೇಲಿಯದವರು ಮುನಿಸಿಕೊಂಡದ್ದು ಕ್ರಿಕೆಟ್ ನೋಡುವ ಎಲ್ಲರಿಗೂ ನೆನಪಿದೆ. ಮುನಿಸು ಏನೇ ಇರಲಿ, ಈ ನಿಯಮದ ಗುಣ ದೊಡ್ಡದು. ತಾನು ಎದ್ದರೆ ತಂಡಕ್ಕೆ ಒಬ್ಬ ಕಡಿಮೆಯಾಗುತ್ತದೆಂಬ ಹಂಗು ಆಟಗಾರನಿಗೆ ಉಳಿಯುವುದಿಲ್ಲ.

ಈ ನಿಯಮಕ್ಕೆ ದುಡ್ಡು ಬೇಕಾಗಿಲ್ಲ, ಯಾರ ಅಪ್ಪಣೆಯೂ ಬೇಕಾಗಿಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಪಂದ್ಯಾವಳಿ ನಡೆಸುವ ಯುವಕ ಸಂಘಗಳು ಮುಂದಿನ ಸಲ ಕರಪತ್ರ ಅಚ್ಚು ಹಾಕಿಸುವಾಗ ಪ್ರವೇಶ ಶುಲ್ಕ, ಓವರು, ಬಹುಮಾನದ ಸಾಲುಗಳ ಕೆಳಗೆ ಇನ್ನೊಂದು ಸಾಲು ಸೇರಿಸಿಕೊಳ್ಳಲಿ: ತಲೆಗೆ ಪೆಟ್ಟಾದವನು ಆ ದಿನ ಮತ್ತೆ ಆಡುವಂತಿಲ್ಲ, ಅವನ ಬದಲಿಗೆ ಇನ್ನೊಬ್ಬ ಆಡಬಹುದು, ತೀರ್ಮಾನ ಅಂಪೈರನದು. ಎದ್ದು ಬಂದವನನ್ನು ಮನೆಗೆ ಒಬ್ಬನನ್ನೇ ಕಳಿಸದೆ, ವೈದ್ಯರಿಗೆ ತೋರಿಸಲು ಜತೆಗೊಬ್ಬರು ಹೋಗಲಿ. ಒಂದೆರಡು ದಿನ ಕಳೆದು ಮೈ ಒಗ್ಗಿದ ಮೇಲೆ ಮೈದಾನಕ್ಕೆ ಬಂದರೆ ಸ್ಕೋರ್ ಪುಸ್ತಕ ಅವನ ಕೈಗೆ ಕೊಡಿ.